ಎರಡನೇ ಗಿರಣಿ

ಮಾರ್ಚ್ 4

ಗಿರಣಿ ಬಂತು. ಟೆಂಪೋದಿಂದ ಇಳಿಸೋಕೆ ಸಂಘದ ಹತ್ತು ಹೆಂಗಸರೂ ಸಾಲದೆ ಚಹಾದಂಗಡಿಯಿಂದ ಇಬ್ಬರನ್ನು ಕರೆಯಬೇಕಾಯಿತು. ದರ್ಜಿ ಅಕ್ಕನ ಮನೆ ಪಕ್ಕದ ಶೆಡ್ಡಿನಲ್ಲಿ ಹೊಸದಾಗಿ ಕಟ್ಟಿಸಿದ ಕಟ್ಟೆಯ ಮೇಲೆ ಕೂರಿಸಿದರು. ನೀಲಿ ಬಣ್ಣ. ಎಲ್ಲರೂ ಒಂದೊಂದು ಸಲ ಮುಟ್ಟಿ ನೋಡಿದೆವು, ಹೆತ್ತ ಮನೆಗೆ ಕೂಸು ನೋಡೋಕೆ ಹೋದವರ ಹಾಗೆ.

ಸಾಲ ಕೊಟ್ಟಿದ್ದು ನಮ್ಮ ಸಂಘ ಕಟ್ಟಿಸಿದ ಸಂಸ್ಥೆ. ಹತ್ತೂ ಜನ ಸೇರಿ ತಿಂಗಳು ತಿಂಗಳು ತೀರಿಸಬೇಕು. ಸಂಸ್ಥೆಯ ಮೇಡಂ ಸ್ಕೂಟರಿನಲ್ಲಿ ಬಂದಿದ್ದರು. "ನಡೆಸೋರು ಯಾರು?" ಅಂತ ಕೇಳಿದರು. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

"ಇವಳೇ. ಇವಳದ್ದು ಗಿರಣಿ ಮನೆ, ಉಸಿರಾಡಿದ್ರೂ ಹಿಟ್ಟೇ ಒಳಗೆ ಹೋಗೋದು" ಅಂದಳು ದರ್ಜಿ ಅಕ್ಕ.

ನಿಜ ಹೇಳಬೇಕಂದರೆ ಗಿರಣಿ ನಮ್ಮದಲ್ಲ, ಭಾವನದು. ಇವರ ಅಣ್ಣ. ಇವರು ಮದುವೆಗೆ ಮುಂಚಿನಿಂದ ಅಲ್ಲಿ ದುಡೀತಾರೆ. ನಾನು ಅದರ ಹೊಸಿಲು ದಾಟಿದ್ದು ಊಟದ ಡಬ್ಬಿ ಕೊಡೋಕೆ ಮಾತ್ರ. ಬೇಡ ಅನ್ನೋಣ ಅಂದುಕೊಂಡೆ, ಬಾಯಿ ಬರಲಿಲ್ಲ. ಸುಮ್ಮನಿದ್ದದ್ದನ್ನೇ ಒಪ್ಪಿಗೆ ಅಂತ ಹಿಡಿದುಕೊಂಡರು.

ಊರಿಗೆ ಇದುವರೆಗೆ ಇದ್ದದ್ದು ಒಂದೇ ಗಿರಣಿ. ಈಗ ಎರಡು. ಮನೆಯಲ್ಲಿ ಇನ್ನೂ ಹೇಳಿಲ್ಲ. ದಿನಾ ನಾಲ್ಕು ಸಾಲು ಬರೀರಿ, ಕೈಗೆ ಅಕ್ಷರ ಮರೆಯಲ್ಲ ಅಂತ ಮೇಡಂ ಹೇಳಿದ್ದಕ್ಕೆ ಇದನ್ನು ಬರೀತಿದ್ದೀನಿ. ನಾಲ್ಕು ಸಾಲು ಯಾವಾಗಲೋ ದಾಟಿತು. ಇವರು ಏನಂತಾರೋ.

ಮಾರ್ಚ್ 5

ಹೇಳಿದೆ. ಇವರು ಕೆಲಸದಿಂದ ಬಂದು ಕೈ ತೊಳೀತಿದ್ದರು. ಮೊಣಕೈವರೆಗಿನ ಹಿಟ್ಟೆಲ್ಲ ಹೋದ ಮೇಲೂ ತೊಳೀತಾನೇ ಇದ್ದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಅಣ್ಣನ ಎದುರಿಗೇ ಗಿರಣಿ ಹಾಕ್ತಾಳಂತೆ. ಹಾಕ್ಲಿ" ಅಂದರು.

"ನನಗ್ಯಾಕೋ ಹೇಳ್ತೀಯ? ಹಾಕೋಳು ಅಲ್ಲಿ ನಿಂತಿದಾಳೆ" ಅಂದರು ಅತ್ತೆ.

ಊಟಕ್ಕೆ ಕೂತಾಗ, "ಅಮ್ಮಾ, ಉಪ್ಪು ಕೊಡೋಕೆ ಹೇಳು." ಉಪ್ಪಿನ ಬಟ್ಟಲು ನನ್ನ ಕೈಯಲ್ಲೇ ಇತ್ತು.

ಮಾರ್ಚ್ 9

ಯಂತ್ರದ ಕಂಪನಿಯವನು ಬಂದು ಹೇಳಿಕೊಟ್ಟ. ಜಡೆ ಸುತ್ತಿ ಗಂಟು ಹಾಕಬೇಕು. ಬೆಲ್ಟಿನ ಹತ್ತಿರ ಬಟ್ಟೆ ಸುಳಿಯಬಾರದು. ಮೊದಲು ಮೋಟರು, ಅದು ವೇಗಕ್ಕೆ ಬಂದ ಮೇಲೆ ಕಾಳು. ಕಾಳು ಮುಗಿದ ಮೇಲೆ ಕಲ್ಲನ್ನು ಸಡಿಲಿಸಬೇಕು, ಬರೀ ಕಲ್ಲಿಗೆ ಕಲ್ಲು ತಿಕ್ಕಬಾರದು. ಅವನು ಹೇಳ್ತಾ ಹೋದ, ನಾನು ತಲೆ ಅಲ್ಲಾಡಿಸ್ತಾ ಹೋದೆ. ಸ್ವಿಚ್ಚು ಹಾಕು ಅಂದಾಗ ಕೈ ಮುಂದೆ ಹೋಗಲಿಲ್ಲ. ದರ್ಜಿ ಅಕ್ಕ ನನ್ನ ಬೆರಳು ಹಿಡಿದು ಒತ್ತಿಸಿದಳು. ಶೆಡ್ಡಿನ ತಗಡೆಲ್ಲ ಗಡಗಡ ಅಂತು. ನಾನು ಬಾಗಿಲಾಚೆ ಇದ್ದೆ. ಯಾವಾಗ ಓಡಿದೆ ಅಂತ ನನಗೇ ಗೊತ್ತಿಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮನೆಗೆ ಬಂದಾಗ ನನ್ನ ಹುಬ್ಬಿನ ಮೇಲೆ ಹಿಟ್ಟಿತ್ತು. ಇವರ ಹುಬ್ಬಿನ ಮೇಲೂ ಇತ್ತು. ಅತ್ತೆ ಇಬ್ಬರನ್ನೂ ನೋಡಿ, "ಮನೇಲಿ ಎರಡು ದೆವ್ವ ಆಯ್ತು" ಅಂದರು. ಇವರು ನಗಲಿಲ್ಲ. ನಾಳೆ ಏನಂತಾರೋ.

ಮಾರ್ಚ್ 17

ಸಂಘದವರು ಬಿಟ್ಟರೆ ಯಾರೂ ಬರಲಿಲ್ಲ.

ಮಾರ್ಚ್ 18

ಇವತ್ತೂ.

ಮಾರ್ಚ್ 22

ಭಾವ ದರ ಅರ್ಧಕ್ಕೆ ಇಳಿಸಿದರು. ದರ್ಜಿ ಅಕ್ಕನ ಗಂಡನೇ ಅಲ್ಲಿಗೆ ಹೋಗಿ ಬೀಸಿಸಿಕೊಂಡು ಬಂದನಂತೆ. ಅವಳು ಅವನನ್ನು ಇನ್ನೂ ಬಯ್ತಾ ಇದ್ದಳು. "ನಿನ್ನ ಹೆಂಡತಿ ಗಿರಣಿ ನಿನಗೆ ದೂರ ಆಯ್ತಾ? ಗೋಡೆ ಆಚೆ ಇದೆ!"

ಭಾವನನ್ನು ಕೆಟ್ಟವರು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಮಾವ ತೀರಿಕೊಂಡಾಗ ಇವರಿನ್ನೂ ಸಣ್ಣವರು. ಸಾಕಿದ್ದು ಅವರೇ. ಗಿರಣಿಯ ಗೋಡೆಗೆ ಕಲ್ಲು ಹೊತ್ತಿದ್ದೂ ಅವರೇ. ಈಗ ಮನೆಯೊಳಗಿಂದಲೇ ಎದುರಾಳಿ ಹುಟ್ಟಿದರೆ ಯಾರಿಗೆ ತಾನೇ ಸಿಟ್ಟು ಬರಲ್ಲ.

ಇವರದ್ದು ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಅಣ್ಣನ ಮಾತು ಮೀರಲ್ಲ, ಆದರೆ ಸಂಜೆ ಬಂದವರೇ ನನ್ನ ಬಟ್ಟೆಯ ಮೇಲೆ ಹಿಟ್ಟು ಎಷ್ಟಿದೆ ಅಂತ ವಾರೆಗಣ್ಣಲ್ಲಿ ನೋಡ್ತಾರೆ. ಇವತ್ತು ಒಂದು ಚೂರೂ ಇರಲಿಲ್ಲ.

ಏಪ್ರಿಲ್ 2

ಇವತ್ತಿನದನ್ನು ಬರೆಯಲೇಬೇಕು.

ಬಾಗಿಲು ಹಾಕೋ ಹೊತ್ತಿಗೆ ಒಬ್ಬಳು ಬಂದಳು. ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡೋಳು. ಮೈಯೆಲ್ಲ ಕೆಂಪು ಧೂಳು. ಕೈಯಲ್ಲಿ ಬಟ್ಟೆಯ ಗಂಟು. ಬಿಚ್ಚಿದರೆ ಎರಡು ಬಟ್ಟಲು ಗೋಧಿ.

"ಇಷ್ಟು ಬೀಸಿ ಕೊಡ್ತೀಯೇನಕ್ಕ?" ಅಂದಳು. ಕೇಳೋವಾಗಲೇ ಗಂಟು ಮತ್ತೆ ಕಟ್ಟೋಕೆ ಶುರು ಮಾಡಿದ್ದಳು.

"ಯಾಕೆ ಕಟ್ತೀಯ? ತಾ ಇಲ್ಲಿ."

"ಆ ಗಿರಣೀಲಿ ಒಂದು ಡಬ್ಬ ತುಂಬ ಇಲ್ದೆ ಇದ್ರೆ ತಗೊಳ್ಳಲ್ಲ. ಇಲ್ಲಾಂದ್ರೆ ಇನ್ನೊಬ್ಬರ ಕಾಳಿನ ಜೊತೆ ಸುರೀತಾರೆ. ಕೊನೆಗೆ ನಂದು ಯಾವುದು, ಅವರದು ಯಾವುದು ಅಂತ ಗೊತ್ತಾಗಲ್ಲ. ನಮಗೆ ಕೂಲಿ ದಿನಾ ಸಿಗುತ್ತೆ. ಕಾಳು ದಿನಾ ತರ್ತೀವಿ. ಡಬ್ಬ ತುಂಬ ಎಲ್ಲಿಂದ ತರೋದು?"

ನಾನು ಬೀಸಿದೆ. ಎರಡು ಬಟ್ಟಲು ಕಾಳು ಹಾಕಿದರೆ ಮೊದಲ ಬಟ್ಟಲು ಕಲ್ಲಿನ ಸಂದಿಯಲ್ಲೇ ಕೂತುಬಿಡುತ್ತೆ. ಅದಕ್ಕೆ ಮೋಟರು ನಿಲ್ಲಿಸಿ, ಬ್ರಷ್ಷಿನಿಂದ ಗುಡಿಸಿ ಗುಡಿಸಿ ಅವಳ ಹಿಟ್ಟನ್ನೆಲ್ಲ ಹೊರಗೆ ತೆಗೆದೆ. ಅವಳು ಬಗ್ಗಿ ನೋಡ್ತಾನೇ ಇದ್ದಳು. ಬಟ್ಟೆಗೆ ಸುರಿದಾಗ ಹಿಟ್ಟು ಇನ್ನೂ ಬೆಚ್ಚಗಿತ್ತು. ಅಂಗೈ ಅದರಲ್ಲಿ ಒತ್ತಿ, "ನನ್ನದೇ" ಅಂದಳು.

ಎಷ್ಟು ಕೊಡಲಿ ಅಂದಳು. ಬಟ್ಟಲಿಗೆ ಏನು ದರ ಅಂತ ನಾವು ಯಾರೂ ಯೋಚಿಸಿರಲಿಲ್ಲ. ಬಾಯಿಗೆ ಬಂದಷ್ಟು ಹೇಳಿದೆ. ನಾಳೆ ಗೂಡಿನ ಇನ್ನೂ ನಾಲ್ಕು ಹೆಂಗಸರನ್ನು ಕರ್ಕೊಂಡು ಬರ್ತೀನಿ ಅಂದಳು. ಕೆಲಸ ಬಿಡೋದು ಹೊತ್ತು ಮುಳುಗಿದ ಮೇಲೆ. ಅಲ್ಲಿವರೆಗೆ ತೆಗೆದಿಟ್ಟಿರ್ತೀನಿ ಅಂದೆ.

ಪಾಪ, ಗೂಡು ಇರೋದು ಭಾವನ ಗಿರಣಿ ಆಚೆ. ಅದರ ಬಾಗಿಲ ಮುಂದೇ ದಾಟಿಕೊಂಡು ಊರ ಈ ತುದಿಗೆ ಬಂದಿದ್ದಳು.

ಏಪ್ರಿಲ್ 6

ಸಂಜೆ ಸಾಲು. ಗೂಡಿನವರು, ಪೊರಕೆ ಮಾರೋಳು, ಶಾಲೆ ಗುಡಿಸೋಳು. ಎಲ್ಲ ಬಟ್ಟಲು ಲೆಕ್ಕ. ಒಬ್ಬೊಬ್ಬರದೂ ಬೀಸಿ, ಗುಡಿಸಿ, ಕೊಟ್ಟು, ಮತ್ತೆ ಶುರು. ಸೊಂಟ ಬಿದ್ದು ಹೋಯಿತು. ಮನೆಗೆ ಹೋಗೋದು ತಡವಾಯಿತು. ಅಡುಗೆ ಅತ್ತೆ ಮಾಡಿದ್ದರು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತಿದ್ರು. ನಿನಗೆ ಜುಟ್ಟಿಗೂ ಹಿಟ್ಟೇ" ಅಂತ ತಲೆ ಒರೆಸಿಕೊಟ್ಟರು.

ಏಪ್ರಿಲ್ 14

ಹಿಟ್ಟು ತರಿ ತರಿ ಬರ್ತಿದೆ. ಕೈಯಿಟ್ಟರೆ ಸುಡುತ್ತೆ. ಕಲ್ಲು ಸವೆದು ನುಣುಪಾಗಿದೆ, ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡಬೇಕು. ಕಂಪನಿಯವನಿಗೆ ಫೋನು ಮಾಡಿದರೆ ಮುಂದಿನ ತಿಂಗಳು ಅಂದ. ಊರಲ್ಲಿ ಆ ಕೆಲಸ ಬರೋದು ಒಬ್ಬರಿಗೇ. ಅವರು ನನ್ನ ಎದುರೇ ಕೂತು ಊಟ ಮಾಡ್ತಾರೆ, ಅತ್ತೆ ಮೂಲಕ ಮಾತಾಡ್ತಾರೆ.

"ಅತ್ತೆ, ಕಲ್ಲು ಕುಟ್ಟೋದಿದೆ ಅಂತ ಹೇಳಿ" ಅಂದೆ.

"ಅಣ್ಣನಿಗೆ ಗೊತ್ತಾದ್ರೆ ಏನಂತಾನೆ ಅಂತ ಕೇಳಮ್ಮ" ಅಂದರು ಇವರು.

"ನಾನೇನು ಅಂಚೆಯವಳಾ?" ಅಂತ ಅತ್ತೆ ಎದ್ದು ಹೋದರು.

ಇವರು ಭಾವನ ಗಿರಣಿಯ ಕಲ್ಲನ್ನು ನಮ್ಮ ಹಿತ್ತಲಿಗೆ ತಂದು ಕುಟ್ಟೋದನ್ನು ವರ್ಷಗಟ್ಟಲೆ ನೋಡಿದ್ದೀನಿ. ನೋಡಿದ್ದು ಬೇರೆ, ಮಾಡೋದು ಬೇರೆ ಅಂತ ಗೊತ್ತು. ನಾಳೆ ನಾನೇ ಕುಟ್ಟುತ್ತೀನಿ.

ಏಪ್ರಿಲ್ 16

ನಾಚಿಕೆ. ಕುಟ್ಟಿದ್ದು ಚೆನ್ನಾಗೇ ಆಗಿದೆ ಅಂದುಕೊಂಡಿದ್ದೆ. ಹಿಟ್ಟು ನಯವಾಗಿ, ತಣ್ಣಗೆ ಬಂತು. ಸಂಜೆ ಎಲ್ಲರಿಗೂ ಬೀಸಿ ಕೊಟ್ಟೆ. ಇವತ್ತು ಗೂಡಿನವಳು ಬಂದು ಬಾಯಿ ತೆರೆದು ಹಲ್ಲು ತೋರಿಸಿದಳು.

"ಹಿಟ್ಟಿಗೆ ದುಡ್ಡು ಕೊಟ್ಟೆ, ಮರಳು ಪುಕ್ಕಟೆ ಸಿಕ್ತು ಅಕ್ಕ."

ಕುಟ್ಟಿದ ಕಲ್ಲಿನ ಪುಡಿಯೆಲ್ಲ ಹಿಟ್ಟಿಗೆ ಹೋಗಿದೆ. ದಿನದ ಕೂಲಿಯ ಕಾಳು. ರಾತ್ರಿ ಮಕ್ಕಳೆಲ್ಲ ಉಗುಳಿದರಂತೆ. ಅವಳು ನಗ್ತಾನೇ ಹೇಳಿದಳು, ಅದಕ್ಕೇ ಇನ್ನೂ ಸಂಕಟ ಆಯಿತು. ಮನೆಗೆ ಬಂದು ಡಬ್ಬದಲ್ಲಿದ್ದ ನಮ್ಮ ಹಿಟ್ಟನ್ನು ಅಳೆದು, ನಿನ್ನೆ ಬೀಸಿಸಿಕೊಂಡವರ ಮನೆಗೆಲ್ಲ ಕೊಟ್ಟು ಬಂದೆ. ಅತ್ತೆ ನೋಡ್ತಾ ಇದ್ದರು, ತಡೆಯಲಿಲ್ಲ.

ಖಾಲಿ ಡಬ್ಬ ತೊಳೆಯೋಕೆ ಕೂತಿದ್ದೆ. ಇವರು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

"ಕುಟ್ಟಿದ ಮೇಲೆ ಮೊದಲು ಎರಡು ಡಬ್ಬ ತೌಡು ಹಾಕಿ ಬೀಸಬೇಕು. ಪುಡಿಯೆಲ್ಲ ಅದು ಎಳ್ಕೊಂಡು ಹೋಗುತ್ತೆ. ಆಮೇಲೆ ಕಾಳು."

ನನ್ನ ಹತ್ತಿರವೇ ಹೇಳಿದ್ದು. ಅತ್ತೆ ಅಡುಗೆಮನೆಯಲ್ಲಿದ್ದರು.

"ತೌಡು ನಮ್ಮಲ್ಲಿಲ್ಲ" ಅಂದೆ.

ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಹೊಸಿಲ ಹತ್ತಿರ ಒಂದು ಚೀಲ ಇತ್ತು. ಭಾವನ ಗಿರಣಿಯ ಚೀಲ. ಕಟ್ಟಿದ್ದ ಗಂಟು ಇವರದು.

ಏಪ್ರಿಲ್ 17

ತೌಡು ಹಾಕಿ ಬೀಸಿದೆ. ಮೊದಲು ಬಂದ ಹಿಟ್ಟು ನಾನೇ ಬಾಯಿಗೆ ಹಾಕಿಕೊಂಡು ನೋಡಿದೆ. ಮರಳಿಲ್ಲ.

ಮೇ 3

ಭಾವ ಮನೆಗೆ ಬಂದರು. ಅತ್ತೆ ಮಣೆ ಹಾಕಿದರು. ಚಹಾ ಕುಡಿದು, ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡರು.

"ನಾನು ಜಗಳಕ್ಕೆ ಬಂದಿಲ್ಲಮ್ಮ. ಅರ್ಧ ದರಕ್ಕೆ ಬೀಸಿ ನನಗೂ ಸಾಕಾಗಿದೆ, ನಿಮಗೂ ಕಂತು ಕಷ್ಟ ಆಗಿದೆ ಅಂತ ಕೇಳ್ದೆ. ಇಷ್ಟು ಸಣ್ಣ ಊರಲ್ಲಿ ಎರಡು ಗಿರಣಿ ನಡೆಯಲ್ಲ. ಯಂತ್ರ ನನಗೆ ಕೊಟ್ಬಿಡಿ. ಉಳಿದ ಸಾಲ ನಾನು ತೀರಿಸ್ತೀನಿ. ನೀನೂ ಅಲ್ಲೇ ಬಂದು ಕೆಲಸ ಮಾಡು. ನಿನ್ನ ಗಂಡನ ಹಾಗೆ ನೀನೂ."

"ಒಪ್ಪದಿದ್ರೆ?" ಅಂತ ಕೇಳಿದ್ದು ಅತ್ತೆ.

ಭಾವ ತಮ್ಮನನ್ನು ನೋಡಿದರು. "ಒಂದೇ ಮನೆಯ ಇಬ್ಬರು ಎರಡು ಕಡೆ ಹಗ್ಗ ಎಳೆದ್ರೆ ಹೇಗೆ? ಇವನೂ ಬೇರೆ ದಾರಿ ನೋಡ್ಕೋಬೇಕಾಗುತ್ತೆ."

ಇವರು ಲೋಟದ ತಳ ನೋಡ್ತಾ ಇದ್ದರು. ಯಂತ್ರ ನನ್ನೊಬ್ಬಳದಲ್ಲ, ಮಂಗಳವಾರ ಸಂಘದಲ್ಲಿ ಕೇಳ್ತೀನಿ ಅಂದೆ.

ಮೇ 5

ಅತ್ತೆ ಇವತ್ತು ಮನೆಯ ಗೋಧಿಯನ್ನು ಎರಡು ಪಾಲು ಮಾಡಿದರು. ಒಂದು ಚೀಲ ದೊಡ್ಡ ಮಗನ ಗಿರಣಿಗೆ, ಇನ್ನೊಂದು ನನ್ನ ಗಿರಣಿಗೆ. "ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಹಚ್ಚೋಳಲ್ಲ ನಾನು" ಅಂದರು. ಎರಡೂ ಹಿಟ್ಟು ಬಂದ ಮೇಲೆ ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿದರು. ಯಾವುದು ನಯ ಅಂತ ಕೇಳಿದೆ. "ಎರಡೂ ರೊಟ್ಟಿ ಆಗುತ್ತೆ" ಅಂತ ಒಂದೇ ಡಬ್ಬಕ್ಕೆ ಸುರಿದರು.

ಮೇ 7

ಸಭೆ ಆಯಿತು. ಹತ್ತೂ ಜನ, ಮೇಡಂ ಕೂಡ. ಭಾವ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ನಾಲ್ಕು ಜನ ಕೊಟ್ಟುಬಿಡೋಣ ಅಂದರು. ಅವರ ಮಾತೂ ಸುಳ್ಳಲ್ಲ. ಕಳೆದ ಕಂತಿಗೆ ಎಲ್ಲರೂ ಕೈಯಿಂದ ಹಾಕಿದ್ದೆವು. ಒಬ್ಬಳು ಅದಕ್ಕೆ ಕೋಳಿ ಮಾರಿದ್ದಾಳೆ.

"ನೀನೇ ಹೇಳು. ನಿನ್ನ ಗಂಡನ ಕೆಲಸದ ಪ್ರಶ್ನೆ. ನೀನು ಕೊಡೋಣ ಅಂದ್ರೆ ನಾವು ಯಾರೂ ತಪ್ಪು ತಿಳಿಯಲ್ಲ" ಅಂದಳು ದರ್ಜಿ ಅಕ್ಕ.

ಬೆಳಿಗ್ಗೆ ಎಷ್ಟು ಡಬ್ಬ ಬರುತ್ತೆ, ಸಂಜೆ ಎಷ್ಟು ಬಟ್ಟಲು ಬರುತ್ತೆ ಹೇಳಿದೆ. ಬೆಳಗಿನ ಡಬ್ಬ ಹೆಚ್ಚಿಲ್ಲ, ಸಂಜೆಯ ಬಟ್ಟಲು ವಾರ ವಾರ ಹೆಚ್ಚಾಗ್ತಿದೆ. ಗೂಡಿನಲ್ಲಿ ಇನ್ನೂ ಎರಡು ಸಾಲು ಮನೆಯವರಿಗೆ ನಮ್ಮ ವಿಷಯ ಗೊತ್ತೇ ಇಲ್ಲ. ಕಂತಿನ ದಿನವನ್ನು ತಿಂಗಳ ಡಬ್ಬಗಳು ಬಂದು ಹೋಗೋ ಮೊದಲ ವಾರ ಕಳೆದ ಮೇಲೆ ಇಟ್ಟರೆ ಕೈಯಿಂದ ಹಾಕೋದು ತಪ್ಪುತ್ತೆ, ಆಗುತ್ತಾ ಅಂತ ಮೇಡಂನ ಕೇಳಿದೆ. ಮೇಲೆ ಕೇಳಿ ಹೇಳ್ತೀನಿ ಅಂದರು. ಇವತ್ತೇ ಕೇಳಿ ಅಂದೆ. ಅವರು ಅಲ್ಲೇ ಫೋನು ಮಾಡಿದರು. ಆಯಿತು.

ಇನ್ನೆರಡು ತಿಂಗಳು ನೋಡೋಣ ಅಂತ ಒಪ್ಪಿಗೆಯಾಯಿತು. ಕೋಳಿ ಮಾರಿದವಳೂ ಕೈ ಎತ್ತಿದಳು.

ಬರೋವಾಗ ದರ್ಜಿ ಅಕ್ಕ, "ಏನು ಮಾತಾಡಿದೆಯೇ!" ಅಂದಳು. ನಾನೆಲ್ಲಿ ಮಾತಾಡಿದೆ? ಲೆಕ್ಕ ಹೇಳಿದೆ.

ಮನೆಯಲ್ಲಿ ಇವರು ಜಗಲಿ ಮೇಲೆ ಕಾಯ್ತಿದ್ದರು. "ಕೊಡಲ್ಲ ಅಂತ ಆಯ್ತು ರೀ" ಅಂದೆ.

"ನನ್ನ ಕೆಲಸ?" ಅಂದರು.

"ಅದು ನನಗೂ ಗೊತ್ತು. ಗೊತ್ತಿದ್ದೇ ಹೇಳಿದೆ."

ಬಯ್ತಾರೆ ಅಂದುಕೊಂಡೆ. ಎದ್ದು ಒಳಗೆ ಹೋದರು.

ಮೇ 9

ಇವರಿಗೆ ನಾಳೆಯಿಂದ ಬರಬೇಡ ಅಂತ ಹೇಳಿ ಕಳಿಸಿದರು. ಭಾವ ತಾವೇ ಹೇಳಲಿಲ್ಲ, ಗಿರಣಿಗೆ ಕಾಳು ತರೋ ಲಾರಿಯವನ ಕೈಲಿ ಹೇಳಿಸಿದರು. ಅದೇ ಇವರಿಗೆ ಹೆಚ್ಚು ನೋವಾಗಿದ್ದು.

ಮೇ 15

ಇವರು ಮನೆಯಲ್ಲೇ. ಹಿತ್ತಲ ಬೇಲಿ ಕಟ್ಟಿದರು, ಬಾಗಿಲಿಗೆ ಎಣ್ಣೆ ಹಾಕಿದರು, ಸರಿಯಾಗೇ ಇದ್ದ ನೀರಿನ ತೊಟ್ಟಿಯನ್ನೂ ಸರಿಮಾಡಿದರು. ಇನ್ನು ನನ್ನನ್ನೂ ಬಿಚ್ಚಿ ಜೋಡಿಸ್ತಾನೆ ಅಂತ ಅತ್ತೆಗೆ ಭಯ. ಇವತ್ತು ಇವರೇ ನನಗೆ ಚಹಾ ಮಾಡಿಕೊಟ್ಟು, "ನಿಮ್ಮ ಸಂಘದಲ್ಲಿ ನನಗೆ ಏನಾದ್ರೂ ಕೆಲಸ ಇದೆಯಾ ಕೇಳು" ಅಂದರು.

"ನಾನು ಕೇಳಲ್ಲ. ಮಂಗಳವಾರ ಸಭೆ ಇದೆ. ನೀವೇ ಬಂದು ಕೇಳಿ."

"ಅಷ್ಟು ಹೆಂಗಸರ ಮುಂದೆ?"

"ಅಷ್ಟು ಹೆಂಗಸರೇ ಮಾಲೀಕರು."

ಮೇ 21

ಬಂದರು. ಶೆಡ್ಡಿನ ಬಾಗಿಲ ಹತ್ತಿರ ತುದಿಗಾಲಲ್ಲಿ ಕೂತರು. ಹೆಣ್ಣು ನೋಡೋಕೆ ಬಂದವರ ಹಾಗೆ ಎಲ್ಲರೂ ಇವರನ್ನು ನೋಡಿದರು. ದರ್ಜಿ ಅಕ್ಕ, "ಏನೇನು ಕೆಲಸ ಬರುತ್ತೆ?" ಅಂತ ಕೇಳಿದಳು, ಈ ಊರಲ್ಲಿ ಯಾರಿಗೂ ಗೊತ್ತಿಲ್ಲದವರ ಹಾಗೆ. ಇವರೂ ಗಂಭೀರವಾಗಿ ಹೇಳಿದರು. ಕಲ್ಲು ಕುಟ್ಟೋದು, ಬೆಲ್ಟು ಹೊಲಿಯೋದು, ಬೇರಿಂಗು ಬದಲಾಯಿಸೋದು, ಗಿರಣಿ ನಡೆಸೋದು.

"ನಡೆಸೋಕೆ ಜನ ಬೇಡ. ಅದಕ್ಕೆ ನಾನಿದೀನಿ" ಅಂದೆ.

ಶೆಡ್ಡೆಲ್ಲ ನಗು. ಇವರೂ ನಕ್ಕರು. ಎಷ್ಟು ದಿನ ಆಗಿತ್ತು ಆ ಹಲ್ಲು ನೋಡಿ.

ಕಲ್ಲು ಕುಟ್ಟಿದಾಗಲೆಲ್ಲ ಕೂಲಿ ಅಂತ ಮಾತಾಯಿತು. ಮೇಡಂ ಇನ್ನೊಂದು ಹೇಳಿದರು. ಸಂಸ್ಥೆಯ ಬೇರೆ ಸಂಘಗಳೂ ಅಕ್ಕಪಕ್ಕದ ಊರುಗಳಲ್ಲಿ ಗಿರಣಿ ಹಾಕಿವೆ, ಎಲ್ಲರೂ ಕಂಪನಿಯವನಿಗೇ ಕಾಯ್ತಿದ್ದಾರೆ, ಇವರು ಹೋಗಬಹುದಾ ಅಂತ. ಇವರು ನನ್ನ ಮುಖ ನೋಡಿದರು. ನನ್ನನ್ನೇಕೆ ನೋಡಬೇಕು, ಹೋಗೋರು ಅವರು.

ಜೂನ್ 8

ಬೆಲ್ಟು ಕಿತ್ತಿತ್ತು. ಹೊಲಿದೆ. ಸಂಜೆ ಸಾಲು ಬಾಗಿಲಾಚೆಗೂ ಇತ್ತು. ಇವರು ಮೂರು ದಿನ ಆಚೆ ಊರಲ್ಲಿ, ನಾಳೆ ಬರ್ತಾರೆ.

ಜೂನ್ 12

ಭಾವನ ಗಿರಣಿಯ ಹಿಟ್ಟು ತರಿಯಾಗ್ತಿದೆ ಅಂತ ಜನ ಮಾತಾಡ್ತಿದ್ದರು. ಇವತ್ತು ಭಾವ ಇವರನ್ನು ಕರೆದರು. ಈ ಸಲ ಹೇಳೋಕೆ ತಾವೇ ಬಂದರು. ಇವರು ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಹೋದರು. ಅಣ್ಣ ತಮ್ಮ ಏನು ಮಾತಾಡಿದರೋ ಗೊತ್ತಿಲ್ಲ. ಬಂದಾಗ ಮುಖ ಹಗುರಾಗಿತ್ತು.

"ಮತ್ತೆ ಕೆಲಸಕ್ಕೆ ಬಾ ಅಂದ" ಅಂದರು.

"ನೀವೇನಂದ್ರಿ?"

"ಕಲ್ಲು ಕುಟ್ಟೋದಿದ್ದಾಗ ಕರಿ, ಬರ್ತೀನಿ ಅಂದೆ. ಕೂಲಿ ಕೊಡೋಕೆ ಬಂದ, ಬೇಡ ಅಂದೆ. ಜೇಬಿಗೆ ತುರುಕಿದ."

ಅತ್ತೆ ಒಳಗೆ ಹೋಗಿ ಮೂಗು ಸೀಟಿಕೊಂಡರು.

ಜೂನ್ 18

ಭಾವ ಇವತ್ತು ಸಂಘದ ಸಭೆಗೆ ಬಂದರು. ಕೂರೋಕೆ ಚಾಪೆಯಲ್ಲಿ ಜಾಗ ಇರಲಿಲ್ಲ, ಎಲ್ಲರೂ ಒತ್ತಿಕೊಂಡು ಕೊಟ್ಟರು. ನಾನಿಳಿಸಿದೆ ಅಂತ ನೀವೂ ಇಳಿಸಿದ್ರಿ, ಅರ್ಧ ದರದಿಂದ ಇಬ್ಬರಿಗೂ ನಷ್ಟ, ಹಳೇ ದರಕ್ಕೇ ಇಬ್ಬರೂ ಹೋಗೋಣ ಅಂದರು. ಡಬ್ಬಕ್ಕೆ ನೀವು ಹೇಳಿದ ಹಾಗೇ ಆಗಲಿ, ಬಟ್ಟಲಿನ ದರ ಮಾತ್ರ ಏರಿಸಲ್ಲ ಅಂದೆ. ಎಲ್ಲರೂ ಹೌದು ಅಂದರು.

"ಆ ಬಟ್ಟಲಿಗೆ ಏನು ತಗೋತೀಯಮ್ಮ?" ಅಂತ ಕೇಳಿದರು.

ಹೇಳಿದೆ.

"ಅಷ್ಟೇನಾ? ಅದರಲ್ಲಿ ಏನು ಗಿಟ್ಟುತ್ತೆ?"

"ಡಬ್ಬದೋರು ತಿಂಗಳಿಗೆ ಒಂದು ಸಲ ಬರ್ತಾರೆ ಭಾವ. ಬಟ್ಟಲಿನೋರು ದಿನಾ ಬರ್ತಾರೆ."

ಮೀಸೆ ತೀಡಿದರು. ಒಬ್ಬೊಬ್ಬರ ಹಿಟ್ಟು ಬೆರೆಯದ ಹಾಗೆ ಹೇಗೆ ತೆಗೀತೀಯ ಅಂತ ಕೇಳಿದರು. ಮೋಟರು ನಿಲ್ಲಿಸಿ ಬ್ರಷ್ಷು ಹಾಕಿ ತೋರಿಸಿದೆ. ಬಗ್ಗಿ ನೋಡಿದರು. ಎದ್ದು ಹೋಗೋವಾಗ ಬಾಗಿಲಲ್ಲಿ ನಿಂತು, "ನಾಳೆಯಿಂದ ನಾನೂ ಬಟ್ಟಲು ತಗೊಳ್ಳೋಣ ಅಂತ. ನಿಮಗೇನೂ ಬೇಜಾರಿಲ್ಲ ತಾನೇ?" ಅಂದರು.

ದರ್ಜಿ ಅಕ್ಕ ನನ್ನ ತೋಳು ಚಿವುಟಿದಳು, ಬೇಡ ಅನ್ನು ಅಂತ. "ತಗೊಳ್ಳಿ ಭಾವ. ಮೋಟರು ನಿಲ್ಲಿಸದೆ ಬ್ರಷ್ಷು ಹಾಕಬೇಡಿ, ಕೈ ಹೋಗುತ್ತೆ" ಅಂದೆ.

ಮನೆಗೆ ಬಂದು ಇವರಿಗೆ ಹೇಳಿದೆ.

"ಗೂಡಿನೋರೆಲ್ಲ ಅಲ್ಲಿಗೇ ಹೋಗ್ತಾರೆ. ನಿನ್ನ ಸಂಜೆ ಸಾಲು ಮುರಿಯುತ್ತಲ್ಲ" ಅಂದರು.

ಮುರಿಯಬಹುದು. ಎರಡು ಸಾಲು ಮನೆಯವರು ಇನ್ನೂ ಬಂದಿಲ್ಲ, ಅವರನ್ನು ಕರೆಯಬೇಕು. ಆದರೆ ಗೂಡಿನಿಂದ ಮೊದಲು ಬಂದವಳಿಗೆ ಭಾವನ ಗಿರಣಿಯೇ ಹತ್ತಿರ. ದಿನವಿಡೀ ಇಟ್ಟಿಗೆ ಹೊತ್ತು ಆಮೇಲೆ ಊರ ಈ ತುದಿಯವರೆಗೆ ನಡೆಯೋದು ತಪ್ಪುತ್ತೆ. ಅವಳಾಗಿ ಹೋಗಲ್ಲ, ನನ್ನ ದಾಕ್ಷಿಣ್ಯಕ್ಕೆ ಇಲ್ಲಿಗೇ ಬರ್ತಾಳೆ. ನಾಳೆ ಬಂದಾಗ ಅಲ್ಲಿಗೇ ಹೋಗು ಅಂತ ನಾನೇ ಹೇಳಿ ಕಳಿಸಬೇಕು.